ಹಿತ್ತಿಲ ಬಾಗಿಲಿಲ್ಲದ ಮನೆ

ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ (1961) ಕಾದಂಬರಿಯನ್ನು ವಿಮರ್ಶಕರು ಸ್ವಾತಂತ್ರ್ಯದ ಹಂಬಲದ ಕಥೆ ಎನ್ನುತ್ತಾರೆ. ಇರಲಿ. ಹಳೇ ಮನೆಯೊಂದನ್ನು ಕೊಳ್ಳಲೋ ಬೇಡವೋ ಎಂದು ತೂಗುತ್ತಿರುವ ನನಗೆ ಕಂಡದ್ದು ಮನೆಯೇ. ಟ್ರಿನಿಡಾಡಿನ ಬಿಸ್ವಾಸ್ ಸಾಲ ಮಾಡಿ 5,500 ಡಾಲರಿಗೆ ಕೊಂಡ. ಆಮೇಲೆ ನೋಡಿದರೆ ಮೆಟ್ಟಿಲು ಅಪಾಯ, ಮಹಡಿ ಕುಸಿದಿದೆ, ಕಿಟಕಿಗಳು ಮುಚ್ಚುವುದಿಲ್ಲ, ಹಿತ್ತಿಲ ಬಾಗಿಲೇ ಇಲ್ಲ! ಹೆಂಗಸರು ಹತ್ತು ನಿಮಿಷದಲ್ಲಿ ಹಿಡಿಯುವ ಕುಂದುಗಳಿವು. ನೈಪಾಲರು ನಗಿಸುತ್ತಲೇ ಅವನ್ನು ಎಣಿಸುತ್ತಾರೆ; ಹೆಂಡತಿ ಶಮಾಳ ದಿನದ ದುಡಿಮೆಗೆ ಅವು ತಂದ ತೊಡಕು ಮಾತ್ರ ಪುಟಗಳಲ್ಲಿ ಅಷ್ಟಾಗಿ ಕಾಣದು. ಅದೇ ನನ್ನ ತಕರಾರು.

ನಾವು ನೋಡಿದ ಮನೆಯ ಕಂಬ, ತೊಲೆಗಳಿಗೆ ನಮ್ಮವರು ಮರುಳಾದರು. ನಾನು ಉಗ್ರಾಣದ ಕ್ಯಾಲೆಂಡರ್ ಸರಿಸಿದೆ. ಹಿಂದೆ ಅಂಗೈಯಗಲ ತೇವ. ಮಳೆಗಾಲದಲ್ಲಿ ಇನ್ನೊಮ್ಮೆ ನೋಡುವ ತನಕ ಮುಂಗಡ ಕೊಡಬೇಡಿ ಎಂದಿದ್ದೇನೆ.