ನಾಯಕನ ಪಕ್ಕದಲ್ಲೇ ನಿಂತ ನಗೆ

ಅಮೆರಿಕದ ಹಾಸ್ಯಚಿತ್ರದ ಬೇರು ಊರೂರು ತಿರುಗುವ ವಾಡೆವಿಲ್ ರಂಗಭೂಮಿಯಲ್ಲಿದೆ. ಬಸ್ಟರ್ ಕೀಟನ್ ಅಪ್ಪ ಅವ್ವನ ಜೊತೆ ಅಲ್ಲೇ ಬೀಳುತ್ತ ಏಳುತ್ತ ಬೆಳೆದ. ಮಾರ್ಕ್ಸ್ ಸಹೋದರರು ಅಲ್ಲೇ ಮಾತು ಮಸೆದರು. ಕನ್ನಡದ ಚಿತ್ರಹಾಸ್ಯದ ಬೇರೂ ಅಂಥದ್ದೇ: ಕಂಪನಿ ನಾಟಕ. ಮೂಲ ಒಂದೇ ಬಗೆಯದಾದರೂ ಮುಂದಿನ ದಾರಿ ಬೇರೆಯಾಯಿತು. ಅಲ್ಲಿ ನಗಿಸುವವನೇ ಕಥಾನಾಯಕನಾದ. ಇಲ್ಲಿ ಅವನು ನಾಯಕನ ಗೆಳೆಯನಾದ, ಇಲ್ಲವೇ ಆಳಾದ.

‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಕೀಟನ್ನನ ಮೇಲೆ ಬೀಳುತ್ತದೆ. ಮಾಳಿಗೆಯ ಕಿಟಕಿಯ ತೆರಪು ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದು, ಅವನು ಉಳಿಯುತ್ತಾನೆ. ಕ್ಯಾಮೆರಾ ದೂರದಲ್ಲಿದೆ, ನಡುವೆ ಕತ್ತರಿಯಿಲ್ಲ, ಗೋಡೆ ನಿಜವಾಗಿಯೂ ಭಾರದ್ದು. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಸಾವಿನ ಅಂಚಿನಲ್ಲಿ ನಿಂತು ನಗಿಸುವ ಈ ಹೊಣೆಯನ್ನು ಹಾಲಿವುಡ್ ಹಾಸ್ಯನಟನ ಕೈಗೇ ಕೊಟ್ಟಿತು.

ನಮ್ಮಲ್ಲಿ ‘ಬೇಡರ ಕಣ್ಣಪ್ಪ’ (1954) ರಾಜಕುಮಾರರ ಜೊತೆಗೇ ನರಸಿಂಹರಾಜು ಅವರನ್ನೂ ತೆರೆಗೆ ತಂದಿತು. ಆ ಸಪೂರ ಮೈ, ಆ ಹಲ್ಲು, ಮಾತಿನ ಆ ಓಟ ಜಗತ್ತಿನ ಯಾವ ಹಾಸ್ಯನಟನಿಗೂ ಕಡಿಮೆಯಿರಲಿಲ್ಲ. ಆದರೂ ಚಿತ್ರದ ಭಾರ ಹೊರುವ ‘ಪ್ರೊಫೆಸರ್ ಹುಚ್ಚೂರಾಯ’ನಂಥ ಪಾತ್ರ ಸಿಗಲು 1974ರವರೆಗೆ ಕಾಯಬೇಕಾಯಿತು, ಅದನ್ನೂ ಅವರೇ ನಿರ್ಮಿಸಬೇಕಾಯಿತು.

ಇನ್ನು ಉತ್ತರ ಕರ್ನಾಟಕದ ಪಾಲಿಗೆ ಬಂದದ್ದು ಇನ್ನೂ ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಮಾತು ಸಿನಿಮಾದಲ್ಲಿ ಕೇಳಿದ್ದು ಹೆಚ್ಚಾಗಿ ಒಂದು ದೃಶ್ಯಕ್ಕೆ ಬಂದು ಹೋಗುವ ಕುಡುಕನ, ಪೊಲೀಸಪ್ಪನ, ಪೆದ್ದನ ಬಾಯಲ್ಲಿ. ಆ ಮಾತಿನೊಳಗಿನ ವಿವೇಕವನ್ನು ಬಿಟ್ಟು ಎಳೆತವನ್ನಷ್ಟೇ ತೆಗೆದುಕೊಂಡರು. ಇದು ನನಗೆ ನೋವಿನ ಸಂಗತಿ, ಯಾಕೆಂದರೆ ಈ ಸೀಮೆಯಲ್ಲಿ ಹಾಸ್ಯದ ಬಡತನ ಎಂದೂ ಇರಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನಪದ ನಾಟಕ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ದೇವರ ಸಂಸಾರ ಊರ ಸಂಸಾರವಾಗುತ್ತದೆ. ಭಾಗವತ ಒಂದು ಕೇಳಿದರೆ ದೂತಿ ಎರಡು ತಿರುಗಿ ಕೊಡುತ್ತಾಳೆ. ಹಾಲಿವುಡ್ 1930ರ ದಶಕದಲ್ಲಿ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಮೂಲಕ ಗೆದ್ದದ್ದು ಇದೇ ಬಗೆಯಿಂದ: ಗಂಡಿಗೆ ಸರಿಸಮನಾಗಿ ಮಾತಾಡುವ ಹೆಣ್ಣು, ಜಗಳದೊಳಗೇ ಬೆಳೆಯುವ ಪ್ರೀತಿ.

ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು, ನಮ್ಮ ನಾಟಕಕಾರ ಶ್ರೀರಂಗರು, ನಗೆಯನ್ನು ಇನ್ನೊಂದು ದಿಕ್ಕಿಗೆ ಒಯ್ದರು. ‘ಹರಿಜನ್ವಾರ’ದಲ್ಲಿ ಮೇಲ್ಜಾತಿಯ ಮಡಿವಂತಿಕೆಯನ್ನೂ ‘ಕೇಳು ಜನಮೇಜಯ’ದಲ್ಲಿ ಸ್ವಾತಂತ್ರ್ಯಾನಂತರದ ನಾಯಕತ್ವವನ್ನೂ ಮಾತಿನಿಂದಲೇ ಬಯಲಿಗೆಳೆದರು. ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ (1933) ಅಧಿಕಾರವನ್ನು ಗೇಲಿ ಮಾಡಿದ ಕಾಲಕ್ಕೇ ಧಾರವಾಡದಲ್ಲಿ ಸಂಸ್ಕೃತದ ಈ ಮೇಷ್ಟ್ರು ಅದಕ್ಕಿಂತ ಹತ್ತಿರದ, ಅದಕ್ಕಿಂತ ಅಪಾಯದ ಗುರಿಗಳನ್ನು ಹಿಡಿದಿದ್ದರು. ಆ ಮೊನಚು ನಮ್ಮ ಸಿನಿಮಾಕ್ಕೆ ದಾಟಲಿಲ್ಲ.

ನಗಿಸುವವನನ್ನೇ ನಾಯಕನಾಗಿಸುವುದು ಇಲ್ಲಿ ಆಗದ ಕೆಲಸವೇನಲ್ಲ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ಸಾಕ್ಷಿಗಿದೆ. ವಠಾರದಲ್ಲಿ ಮನೆಮಾಲೀಕರ ಮಗಳ ಜೊತೆ ನಿತ್ಯ ಜಗಳ, ಆದರೆ ಪತ್ರದಲ್ಲಿ ಪ್ರೀತಿ ಹಂಚಿಕೊಳ್ಳುತ್ತಿರುವುದು ಅವಳ ಜೊತೆಗೇ ಎಂಬುದು ಗಣೇಶನಿಗೆ ಗೊತ್ತಿಲ್ಲ. ಹಾಲಿವುಡ್ ನಿರ್ದೇಶಕ ಲುಬಿಟ್ಷನ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ (1940) ಚಿತ್ರದ ಎಳೆಯೂ ಇಂಥದ್ದೇ. ಅನಂತ್ ನಾಗ್ ನಗಿಸುವ ಕೆಲಸವನ್ನು ಪಕ್ಕದವರಿಗೆ ಬಿಡದೆ ತಾವೇ ಹೊತ್ತರು. ನೀರಿನ ನಲ್ಲಿ, ಬಾಡಿಗೆ, ಗೋಡೆಯಾಚೆಯ ಕಿವಿ ಎಲ್ಲವೂ ಕಥೆಯಾದವು. ಬೆಂಗಳೂರಿನ ವಠಾರಕ್ಕೆ ಸಿಕ್ಕ ಈ ಗೌರವ ಬಾಗೇವಾಡಿಯ ಕಟ್ಟೆಗೆ ಸಿಗಲಿಲ್ಲ.

ನಟರ ಕೊರತೆ ಎನ್ನುವವರಿಗೆ ಬೀದರ್ ಜಿಲ್ಲೆಯ ವೈಜನಾಥ ಬಿರಾದಾರರೇ ಉತ್ತರ. ಭಿಕ್ಷುಕ, ಕುಡುಕ ಎಂದು ವರ್ಷಗಟ್ಟಲೆ ಚಿಲ್ಲರೆ ಪಾತ್ರಗಳಲ್ಲಿ ಸವೆದವರನ್ನು ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ (2010) ಚಿತ್ರದ ನಡುವಿಗೆ ತಂದರು. ಮ್ಯಾಡ್ರಿಡ್‌ನ ಚಿತ್ರೋತ್ಸವ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು.

ಇಂದು ನಮ್ಮ ಕಡೆಯ ಹುಡುಗರು ಮೊಬೈಲಿನಲ್ಲಿ ಜವಾರಿ ಕಾಮಿಡಿ ಮಾಡುತ್ತಿದ್ದಾರೆ. ಅವರ ಕೈಗೆ ಕ್ಯಾಮೆರಾ ಬಂದಿದೆ, ಮಾತು ಮೊದಲಿನಿಂದಲೂ ಇದೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ರಾತ್ರಿ ಪೂರ್ತಿ ಕೂತು ಪಾರಿಜಾತ ನೋಡಿ, ಶ್ರೀರಂಗರ ಒಂದಾದರೂ ನಾಟಕ ಓದಿ, ಕೀಟನ್ನನ ಮೂಕಿ ಚಿತ್ರಗಳನ್ನು ನೋಡಿ, ಅವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.