ಲಾಂಡೌ ಬರೆದದ್ದು, ಬರೆಯದೆ ಬಿಟ್ಟದ್ದು

ಸೋವಿಯತ್ ಭೌತವಿಜ್ಞಾನಿ ಲೆವ್ ಲಾಂಡೌ (1908-1968) ಅವರ ಕತೆಯನ್ನು ಹೇಳುವವರು ಸೆರೆಮನೆಯಿಂದಲೇ ಆರಂಭಿಸುವುದು ವಾಡಿಕೆ. 1938ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಬಂಧನ. ವರ್ಷದ ಬಳಿಕ, ದ್ರವ ಹೀಲಿಯಮ್ಮಿನ ಒಗಟನ್ನು ಬಿಡಿಸಲು ಇವರೇ ಬೇಕೆಂದು ಕಪಿತ್ಸಾ ಬರೆದ ಪತ್ರ. ಅವರ ಹೊಣೆಯ ಮೇಲೆ ಬಿಡುಗಡೆ. ಕತೆ ನಿಜವಾದುದೇ. ಆದರೆ ಅದರ ಪ್ರಭೆಯಲ್ಲಿ ಲಾಂಡೌ ಅವರ 1941ರ ಪ್ರಬಂಧವನ್ನು ಭಕ್ತಿಯಿಂದಷ್ಟೇ ಓದುವಂತಾಗಿದೆ. ಸಾಹಿತ್ಯಕೃತಿಗೆ ಒಡ್ಡುವ ಪರೀಕ್ಷೆಯನ್ನು ಇದಕ್ಕೂ ಒಡ್ಡಬೇಕೆಂಬುದು ನಮ್ಮ ಎಣಿಕೆ.

ಸೊನ್ನೆ ಡಿಗ್ರಿಗಿಂತ ಸುಮಾರು 271 ಸೆಲ್ಸಿಯಸ್ ಕೆಳಗಿಳಿದ ಹೀಲಿಯಂ, ಕೂದಲೆಳೆಯ ಸಂದಿನಲ್ಲೂ ತಡೆಯಿಲ್ಲದೆ ನುಸುಳುತ್ತದೆ. ಬಟ್ಟಲಿನ ಗೋಡೆಯನ್ನು ತೆಳುಪೊರೆಯಾಗಿ ಏರಿ ಹೊರಗೆ ತೊಟ್ಟಿಕ್ಕುತ್ತದೆ. ಲಾಂಡೌ ಪರಮಾಣುಗಳನ್ನು ಬಿಡಿಬಿಡಿಯಾಗಿ ಎಣಿಸಲಿಲ್ಲ; ಇಡೀ ದ್ರವದ ಕಂಪನಗಳನ್ನು ಎಣಿಸಿದರು. ಒಂದು ಮಿತಿಯ ವೇಗವನ್ನು ದಾಟುವವರೆಗೆ ಹರಿವು ಹೊಸ ಕಂಪನವನ್ನು ಹುಟ್ಟಿಸಲಾರದು. ಹಾಗಾಗಿ ಶಕ್ತಿ ಸೋರದು, ಘರ್ಷಣೆಯೂ ಇರದು. ವಾದದ ಈ ಬೆಡಗಿಗೆ ನಾವು ಇಂದಿಗೂ ತಲೆದೂಗುತ್ತೇವೆ.

ಕೊರತೆ ಇರುವುದು ಬೇರೆಡೆ. ಹೀಲಿಯಮ್ಮಿನಲ್ಲಿ ಎರಡು ದ್ರವಗಳು ಬೆರೆತಂತಿವೆಯೆಂದು 1938ರಲ್ಲೇ ಹೇಳಿದವರು ಲಾಸ್ಲೊ ಟಿಸ್ಸಾ. ಅವರು ಖಾರ್ಕೋವ್‌ನಲ್ಲಿ ಲಾಂಡೌ ಅವರ ಕಠಿಣ ಪರೀಕ್ಷೆಯನ್ನು ಗೆದ್ದ ಶಿಷ್ಯ. ಅವರಿಗೆ ಆಧಾರವಾದದ್ದು ಫ್ರಿಟ್ಜ್ ಲಂಡನ್ ಅವರ ಊಹೆ. ಅದಕ್ಕೂ ತಳಹದಿ, ನಮ್ಮ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್‌ಗೆ ಕಳುಹಿಸಿದ ಎಣಿಕೆಯ ಕ್ರಮ. ಲಾಂಡೌ ಶಿಷ್ಯನನ್ನು ಹೆಸರಿಸಿ ಅಲ್ಲಗಳೆದರು. ಲಂಡನ್ ಹೆಸರನ್ನೇ ಎತ್ತಲಿಲ್ಲ. ಟಿಸ್ಸಾ ಲೆಕ್ಕದಲ್ಲಿ ತಪ್ಪುಗಳಿದ್ದುದು ದಿಟ. ಹೀಲಿಯಮ್ಮಿನಲ್ಲಿ ಶಾಖ ಅಲೆಯಾಗಿ ಸಾಗುವುದೆಂದು ಗುರುಶಿಷ್ಯರಿಬ್ಬರೂ ಹೇಳಿದ್ದರು. ತೀರ ತಣ್ಣನೆಯ ಹೀಲಿಯಮ್ಮಿನಲ್ಲಿ ಅದರ ವೇಗವನ್ನು ಅಳೆದಾಗ ಗುರುವಿನ ಲೆಕ್ಕವೇ ಗೆದ್ದಿತು. ಆದರೆ 1949ರಲ್ಲಿ, ಬೋಸ್ ಎಣಿಕೆಗೆ ಒಳಪಡದ ಹೀಲಿಯಂ-3 ಅದೇ ಚಳಿಯಲ್ಲಿ ಸಾಧಾರಣ ದ್ರವವಾಗಿಯೇ ಉಳಿದದ್ದು ಕಂಡುಬಂತು. ಲಂಡನ್ ಹಿಡಿದ ಎಳೆ ಸುಳ್ಳಾಗಿರಲಿಲ್ಲ. ಲಾಂಡೌ ಪ್ರಬಂಧದಲ್ಲಿ ಈ ವ್ಯತ್ಯಾಸಕ್ಕೆ ಉತ್ತರವೇ ಇರಲಿಲ್ಲ.

ಪೂರ್ವಸೂರಿಗಳನ್ನು ನೆನೆದೇ ಕಾವ್ಯವನ್ನು ಆರಂಭಿಸಿದ ಕವಿಗಳ ನುಡಿ ನಮ್ಮದು. ಆದ್ದರಿಂದಲೋ ಏನೋ, ಈ ಮೌನ ನಮ್ಮನ್ನು ತುಸು ಹೆಚ್ಚಾಗಿಯೇ ಚುಚ್ಚುತ್ತದೆ. ಸೆರೆಯಿಂದ ಬಂದವನ ಅವಸರವೆಂದು ಮನ್ನಿಸೋಣವೆಂದರೆ, ಪ್ರಬಂಧದ ಧಾಟಿಯಲ್ಲಿ ಅವಸರವಿಲ್ಲ, ಹಟವಿದೆ.

1962ರ ಜನವರಿಯಲ್ಲಿ ಕಾರು ಅಪಘಾತಕ್ಕೀಡಾದ ಲಾಂಡೌ ಮತ್ತೆ ಸಂಶೋಧನೆಗೆ ಮರಳಲಿಲ್ಲ. ಅದೇ ವರ್ಷದ ನೊಬೆಲ್ ಪದಕ ಮಾಸ್ಕೋದ ಆಸ್ಪತ್ರೆಯಲ್ಲಿ ಅವರ ಕೈಸೇರಿತು. ಲಂಡನ್ ತೀರಿಕೊಂಡು ಆಗಲೇ ಎಂಟು ವರ್ಷಗಳಾಗಿದ್ದವು. ಟಿಸ್ಸಾ ಮಾತ್ರ 2009ರವರೆಗೆ, ನೂರು ದಾಟಿ ಬದುಕಿದರು.