ಹಳದಿ ಇಳಿಯಿತು, ಕಾರಣ ಸಿಕ್ಕಿತೇ?

ಹಸುಗೂಸಿನ ಕಾಮಾಲೆಗೆ ಮೈಸೂರಿನ ಆಸ್ಪತ್ರೆಗಳಲ್ಲಿ ನಡೆಯುವ ಚಿಕಿತ್ಸೆಯ ಕ್ರಮ ಎಲ್ಲರಿಗೂ ಗೊತ್ತಿರುವುದೇ: ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಎಷ್ಟಿದೆ ನೋಡುತ್ತಾರೆ, ಹೆಚ್ಚಿದ್ದರೆ ನೀಲಿ ಬೆಳಕಿನಡಿ ಮಲಗಿಸುತ್ತಾರೆ, ಇಳಿದ ಮೇಲೆ ಮನೆಗೆ ಕಳಿಸುತ್ತಾರೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವೈದ್ಯರು 1958ರಲ್ಲಿ ಪ್ರಕಟಿಸಿದ ಈ ಬೆಳಕಿನ ಚಿಕಿತ್ಸೆ ಲೆಕ್ಕವಿಲ್ಲದಷ್ಟು ಮಕ್ಕಳ ಮೆದುಳನ್ನು ಕಾಪಾಡಿದೆ. ಆದರೆ ಬೆಳಕು ಬಿಲಿರುಬಿನ್ನನ್ನು ಇಳಿಸುತ್ತದೆಯೇ ಹೊರತು ಅದು ಏರಿದ್ದೇಕೆಂದು ಹೇಳುವುದಿಲ್ಲ. ಅಂಕಿ ಇಳಿದ ಕೂಡಲೇ ಹುಡುಕಾಟವನ್ನೂ ನಿಲ್ಲಿಸಿಬಿಡುವ ರೂಢಿ ಅಪಾಯದ್ದು.

ರಕ್ತದ ಗುಂಪು ಹೊಂದದಿರುವುದು, ಅವಧಿಗೆ ಮೊದಲೇ ಹೆರಿಗೆಯಾಗುವುದು, ಎದೆಹಾಲು ಸಾಲದಿರುವುದು ಸಾಮಾನ್ಯವಾಗಿ ವೈದ್ಯರ ಗಮನಕ್ಕೆ ಬರುತ್ತವೆ. ಕೈತಪ್ಪುವುದು ಅಷ್ಟಾಗಿ ಹುಡುಕದ ಕಾರಣಗಳು. ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುವ ಜಿ6ಪಿಡಿ ಕಿಣ್ವದ ಕೊರತೆಯನ್ನೇ ನೋಡಿ. ಟ್ರಂಕಿನಲ್ಲಿ ನುಸಿಗುಳಿಗೆಯೊಂದಿಗೆ ಇಟ್ಟ ಹಳೆಯ ಮೆತ್ತನೆ ಬಟ್ಟೆಯನ್ನು ಕೂಸಿಗೆ ಸುತ್ತಿದರೆ ಆ ನ್ಯಾಫ್ತಲೀನ್ ಸಾಕು, ಕೆಂಪು ರಕ್ತಕಣಗಳು ಒಡೆದು ಬಿಲಿರುಬಿನ್ ಒಮ್ಮೆಲೇ ಏರುತ್ತದೆ. ಕಾರಣ ತಿಳಿಯದೆ ಮನೆಗೆ ಹೋದ ಮಗುವಿಗೆ ಮತ್ತೆ ಅದೇ ಟ್ರಂಕಿನ ಬಟ್ಟೆ. ಇನ್ನೊಂದು ತೊಡಕೂ ಇದೆ: ಕಣಗಳು ಒಡೆದ ಹೊತ್ತಿನಲ್ಲಿ ಪರೀಕ್ಷಿಸಿದರೆ ಹೊಸ ಕಣಗಳಲ್ಲಿ ಕಿಣ್ವ ಹೆಚ್ಚಿರುವುದರಿಂದ ಫಲಿತಾಂಶ ಸರಿಯಾಗಿದೆ ಎಂದೇ ಬರಬಹುದು, ಸುಮಾರು ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಕ್ರಿಗ್ಲರ್–ನಜ್ಜರ್ ಕಾಯಿಲೆಯಲ್ಲಿ ಬಿಲಿರುಬಿನ್ನನ್ನು ಹೊರಹಾಕಲು ಬೇಕಾದ ಯಕೃತ್ತಿನ ಕಿಣ್ವಕ್ಕೇ ದೋಷ. ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮ ಹಳೇ ಮೈಸೂರು ಸೀಮೆಯಲ್ಲಿ 'ನೀವಿಬ್ಬರೂ ಸಂಬಂಧಿಕರೇ?' ಎಂದು ಕೇಳಲು ಕಾಸು ಖರ್ಚಾಗುವುದಿಲ್ಲ. ಪಿತ್ತನಾಳ ಮುಚ್ಚಿಹೋದ ಕೂಸಿಗಂತೂ ಬೆಳಕಿನಿಂದ ಗುಣವೇ ಇಲ್ಲ. ಅದರ ಮಲ ಬಿಳಿಚಿಕೊಳ್ಳುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ಪಿತ್ತ ಹರಿಯಲು ದಾರಿ ಮಾಡಿಕೊಡುವ 'ಕಸಾಯ್' ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಒಳ್ಳೆಯದು. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆಂದು ವಾರಗಟ್ಟಲೆ ಕಾಯುವ ಮನೆಗಳಲ್ಲಿ ಆ ಗಡುವು ಮೀರುತ್ತದೆ.

ಮಂಡ್ಯ, ಚಾಮರಾಜನಗರದ ಬಾಣಂತಿಯರೂ ಬಂದು ಸೇರುವ ಮೈಸೂರಿನ ಚೆಲುವಾಂಬದಂಥ ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟೆಲ್ಲ ಪರೀಕ್ಷೆ ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಎಲ್ಲ ಮಕ್ಕಳಿಗೂ ಬೇಕಿಲ್ಲ. ಹುಟ್ಟಿದ 24 ಗಂಟೆಯೊಳಗೇ ಹಳದಿ, ಬೆಳಕಿಗೆ ಬಗ್ಗದ ಹಳದಿ, 14 ದಿನ ದಾಟಿದ ಹಳದಿ, ಅಣ್ಣನಿಗೋ ಅಕ್ಕನಿಗೋ ಹೀಗೇ ಆಗಿದ್ದ ಮನೆ: ಇಲ್ಲಿ ಮಾತ್ರ ಕೆದಕಿ ನೋಡಬೇಕು. ಬಿಲಿರುಬಿನ್ ಇಳಿದ ಮೇಲೆ ಕಾರಣ ತಿಳಿದು ಪ್ರಯೋಜನವೇನು ಎನ್ನುವವರೂ ಇದ್ದಾರೆ. ಪ್ರಯೋಜನವಿದೆ. ಜಿ6ಪಿಡಿ ಕೊರತೆಯ ಮಗುವಿಗೆ ಮುಂದೆ ಮಲೇರಿಯಾ ಬಂದಾಗ ಪ್ರಿಮಾಕ್ವಿನ್ ಕೊಟ್ಟರೆ ಮತ್ತೆ ರಕ್ತಕಣಗಳು ಒಡೆಯುತ್ತವೆ. ಕ್ರಿಗ್ಲರ್–ನಜ್ಜರ್ ಇರುವ ಮನೆಯಲ್ಲಿ ಮುಂದಿನ ಕೂಸಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಕಾರಣವಷ್ಟೇ ಅಲ್ಲ, ಪರಿಣಾಮವನ್ನೂ ನೋಡಬೇಕು: ತೀವ್ರ ಕಾಮಾಲೆ ಶ್ರವಣ ನರವನ್ನೂ ಕೆಡಿಸಬಲ್ಲದು. ಆಗ ಒಳಕಿವಿಯ ಪರೀಕ್ಷೆ ಸರಿಯಿದ್ದರೂ ಶ್ರವಣ ನರದ ಸ್ಪಂದನವನ್ನು ಅಳೆಯುವ ಬೆರಾ ಪರೀಕ್ಷೆಯಲ್ಲಿ ದೋಷ ಕಾಣುತ್ತದೆ. ಅದನ್ನು ಮಾಡಿಸಲು 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬಿಲಿರುಬಿನ್ ಅಂಕಿಯ ಕೆಳಗೆ 'ಕಾರಣ' ಎಂದೊಂದು ಸಾಲಿರಲಿ. ಅದು ಖಾಲಿ ಇದ್ದರೆ ತಂದೆತಾಯಿ ಸಂಕೋಚಪಡದೆ ಕೇಳಲಿ.